ಕ್ಯಾಂಟನ್ನಿನಲ್ಲಿ ಬೀಗರ ಊಟ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂದ ನಮ್ಮ ಹಿರಿಯರು, ಸುತ್ತುವ ಹೊತ್ತಿನಲ್ಲಿ ಊಟ ಎಲ್ಲಿ ಮಾಡಬೇಕೆಂಬುದನ್ನು ಮಾತ್ರ ಹೇಳಿ ಹೋಗಲಿಲ್ಲ. ಪ್ರಾಯಶಃ ಅವರ ಕಾಲಕ್ಕೆ ಆ ಪ್ರಶ್ನೆ ಉದ್ಭವಿಸಿರಲಿಲ್ಲ. ಕಾಶಿಗೆ ಹೊರಟವರ ಗಂಟಿನಲ್ಲಿ ಅವಲಕ್ಕಿ, ಹುರಿಹಿಟ್ಟುಗಳಿರುತ್ತಿದ್ದವು. ದಾರಿಯ ಛತ್ರಗಳಲ್ಲಿ ಒಲೆಯಿರುತ್ತಿತ್ತು. ಇಂದು ಅಮೆರಿಕದ ಕನ್ನಡಿಗನು ವಿಮಾನವೇರುವಾಗಲೂ ಅವನ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಚಟ್ನಿಪುಡಿಯ ಡಬ್ಬಿ ಇದ್ದೇ ಇರುತ್ತದೆ. ಯೂರೋಪಿಗಾದರೆ ಒಂದು ಡಬ್ಬಿ ಸಾಕು. ಚೀನಾ ಎಂದಾಕ್ಷಣ ಡಬ್ಬಿ ಮೂರಾಗುತ್ತದೆ, ಜೊತೆಗೆ ಗೆಳೆಯರ ಸಾಂತ್ವನವೂ ದೊರೆಯುತ್ತದೆ. ನಾಲ್ಕು ಕಾಲಿರುವುದರಲ್ಲಿ ಮೇಜೊಂದನ್ನು ಬಿಟ್ಟು ಉಳಿದೆಲ್ಲವನ್ನೂ ತಿನ್ನುವವರು ಎಂದು ಕ್ಯಾಂಟನ್ ಸೀಮೆಯವರನ್ನು ಕುರಿತು ಉಳಿದ ಚೀನೀಯರೇ ಹಾಸ್ಯ ಮಾಡುತ್ತಾರೆಂದ ಮೇಲೆ, ನಮ್ಮವರು ಅಂಜುವುದರಲ್ಲಿ ಆಶ್ಚರ್ಯವೇನಿದೆ? (ಕಾಡುಪ್ರಾಣಿಗಳ ಮಾಂಸವನ್ನು ಮಾರುವುದನ್ನೂ ತಿನ್ನುವುದನ್ನೂ ಚೀನಾ 2020ರಲ್ಲಿಯೇ ನಿಷೇಧಿಸಿತೆಂಬುದನ್ನು ಅಂಜುವವರಿಗಾಗಿ ಇಲ್ಲಿಯೇ ಹೇಳಿಬಿಡುತ್ತೇನೆ.)

ಆದರೂ ದಕ್ಷಿಣ ಚೀನಾ ಕನ್ನಡಿಗರ ಕಾಲು ತಗುಲದ ನೆಲವೇನಲ್ಲ. 1957ರಿಂದ ವರ್ಷಕ್ಕೆ ಎರಡು ಬಾರಿ, ವಸಂತ ಮತ್ತು ಶರತ್ಕಾಲಗಳಲ್ಲಿ, ಗ್ವಾಂಗ್‌ಝೌ ನಗರದಲ್ಲಿ ನಡೆಯುವ ಕ್ಯಾಂಟನ್ ಮೇಳಕ್ಕೆ ಭಾರತದ ವ್ಯಾಪಾರಿಗಳು ಹೋಗುತ್ತಾರೆ. ನೆಲದ ಟೈಲ್ಸ್ ಕೊಳ್ಳಲು ಫೋಶಾನಿಗೆ ಹೋಗುವವರೂ ಉಂಟು. ಹುವಾವೇ ಸಂಸ್ಥೆ 1999ರಲ್ಲಿ ಬೆಂಗಳೂರಿನಲ್ಲಿ ತನ್ನ ಸಂಶೋಧನಾ ಕೇಂದ್ರವನ್ನು ತೆರೆದ ಮೇಲೆ, ಅದರ ಮೂಲಸ್ಥಾನವಾದ ಶೆನ್‌ಝೆನ್ ನಗರದ ಹೆಸರು ಬೆಂಗಳೂರಿನ ಎಷ್ಟೋ ಇಂಜಿನಿಯರುಗಳ ಮನೆಯಲ್ಲಿ ಮೈಸೂರಿನ ಹೆಸರಿನಷ್ಟೇ ಸಲೀಸಾಗಿ ಬರತೊಡಗಿತು. ನಮ್ಮ ದಾರಿ ಇವೆರಡೂ ಅಲ್ಲ. ನಾನೂ ನನ್ನ ಪತ್ನಿಯೂ 2024ರ ಏಪ್ರಿಲಿನಲ್ಲಿ ಅಲ್ಲಿಗೆ ಹೋದದ್ದು ಬೀಗರ ಕರೆಯ ಮೇರೆಗೆ. ನಮ್ಮ ಸೊಸೆಯ ತಂದೆತಾಯಿಗಳ ಮೂಲ ಊರು ಗ್ವಾಂಗ್‌ಡಾಂಗ್ ಪ್ರಾಂತ್ಯದ ತೈಶಾನ್ ಸೀಮೆಯ ಒಂದು ಹಳ್ಳಿ.

ಬೀಗರು ಎಂಬ ನಮ್ಮ ಪದಕ್ಕೆ ಇಂಗ್ಲಿಷಿನಲ್ಲಿ ಸಮನಾದ ಒಂದು ಪದವಿಲ್ಲವೆಂದು ನಾವೆಲ್ಲ ಒಮ್ಮೆಯಾದರೂ ಪೇಚಾಡಿದ್ದೇವೆ. ಕ್ಯಾಂಟನೀಸ್ ಭಾಷೆಯಲ್ಲಿ ಅದಿದೆ. "ಚಾನ್‌ಗಾ" ಎಂದರೆ ಬೀಗರು, ಅದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಮೊದಲ ದಿನವೇ ಹತ್ತು ಜನ ನೆಂಟರ ಮುಂದೆ ನಮ್ಮನ್ನು ಹಾಗೆಂದು ಪರಿಚಯಿಸಿದಾಗ, ಆ ಪದದ ಹಿಂದಿರುವ ಮರ್ಯಾದೆ, ಮುಲಾಜು, ಉಪಚಾರ, ಇವೆಲ್ಲವೂ ಅನುವಾದವಿಲ್ಲದೆಯೇ ಅರ್ಥವಾದವು. ಮಂಡ್ಯ ಮೈಸೂರು ಕಡೆ ಬೀಗರ ಊಟವೆಂದರೆ ಏನೆಂಬುದನ್ನು ಬಲ್ಲವರಿಗೆ ನಮ್ಮ ಮುಂದಿದ್ದ ಸಂಕಟವನ್ನು ವಿವರಿಸಬೇಕಾಗಿಲ್ಲ. ಬೀಗರಿಗೆ ಮಾಂಸದ ಅಡುಗೆ ಬಡಿಸುವುದು ಗೌರವ. ನಾವು ಹುಟ್ಟಿನಿಂದ ಸಸ್ಯಾಹಾರಿಗಳು.

ಈ ತೈಶಾನ್ ಎಂಬ ಸೀಮೆಗೂ ಅಮೆರಿಕದಲ್ಲಿರುವ ನಮಗೂ ಇರುವ ಸಂಬಂಧ ಬೀಗತನಕ್ಕಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಚಿನ್ನದ ಗಣಿಗಳಿಗೂ ರೈಲುದಾರಿಯ ಕೆಲಸಕ್ಕೂ ಬಂದ ಚೀನೀಯರಲ್ಲಿ ಬಹುಪಾಲು ಜನ ತೈಶಾನ್ ಮತ್ತು ಅದರ ನೆರೆಯ ಮೂರು ಸೀಮೆಗಳವರು. 1882ರ ಶಾಸನ ಅವರ ಬಾಗಿಲು ಮುಚ್ಚಿತು. 1943ರಲ್ಲಿ ಅದು ರದ್ದಾಯಿತು. ಬಾಗಿಲು ನಿಜವಾಗಿ ತೆರೆದದ್ದು 1965ರಲ್ಲಿ, ನಮಗೂ ತೆರೆದ ಅದೇ ಶಾಸನದಿಂದ. ನಾವಿರುವ ರೆಸ್ಟನ್ ಪಟ್ಟಣವನ್ನು ರಾಬರ್ಟ್ ಸೈಮನ್ ಎಂಬಾತ 1964ರಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನಿಟ್ಟು ಕಟ್ಟತೊಡಗಿದಾಗ, ವಾಷಿಂಗ್ಟನ್ನಿನ ಚೈನಾಟೌನ್ ಎಚ್ ಸ್ಟ್ರೀಟಿಗೆ ಬಂದು ಮೂವತ್ತು ವರ್ಷ ಮೀರಿತ್ತು. ಅದು ಮೊದಲಿದ್ದುದು ಪೆನ್ಸಿಲ್ವೇನಿಯ ಅವೆನ್ಯೂ ಬಳಿ. ಸರ್ಕಾರಿ ಕಟ್ಟಡಗಳಿಗೆ ಜಾಗ ಬೇಕಾಗಿ 1931ರಲ್ಲಿ ಅಲ್ಲಿಂದ ಎಬ್ಬಿಸಲ್ಪಟ್ಟಿತು. 1986ರಲ್ಲಿ ನಿಲ್ಲಿಸಿದ ಸ್ನೇಹದ ಮಹಾದ್ವಾರ ಇಂದಿಗೂ ಅಲ್ಲಿ ಥಳಥಳಿಸುತ್ತಿದೆ. ಆದರೆ ಅದರ ಕೆಳಗಿನ ಬೀದಿಯಲ್ಲಿ ಚೀನೀ ಸಂಸಾರಗಳು ವಿರಳ. ಒಳ್ಳೆಯ ಅಡುಗೆಯವರು ರಾಕ್‌ವಿಲ್, ಫಾಲ್ಸ್ ಚರ್ಚ್ ಕಡೆಗೆ ಸರಿದುಹೋಗಿದ್ದಾರೆ.

ಚೀನೀ ಊಟವೆಂದು ನಾವು ಬಲ್ಲದ್ದಾದರೂ ಏನು? ಇಲ್ಲಿ ಎಳೆಯ ಜೋಳ, ಬ್ರಾಕೊಲಿಗಳ ಮೇಲೆ ಸುರಿದ ಕಂದು ಗೊಜ್ಜು; ಊರಿನಲ್ಲಿ ಗೋಬಿ ಮಂಚೂರಿ. ಕಲ್ಕತ್ತೆಯ ಚೀನೀ ಮನೆತನದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯಲ್ಲಿ ಚಿಕನ್ ಮಂಚೂರಿಯನ್ ಎಂಬುದನ್ನು ಮಾಡಿದರೆಂದು ಪ್ರಸಿದ್ಧಿ. ಕೋಳಿಯ ಜಾಗದಲ್ಲಿ ಹೂಕೋಸು ಬಂದು ಕೂತು ಅದು ಕರ್ನಾಟಕದ ಪ್ರತಿ ಜಾತ್ರೆಗೂ ಹೋಯಿತು. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಬೆರೆಸುತ್ತಿದ್ದ ಕೃತಕ ಬಣ್ಣಗಳನ್ನು ನಿಷೇಧಿಸಿತು. ಗ್ವಾಂಗ್‌ಝೌ ನಗರದಲ್ಲಿ ಗೋಬಿ ಮಂಚೂರಿ ಕೇಳುವುದೆಂದರೆ ಧಾರವಾಡದಲ್ಲಿ ಕಾಶ್ಮೀರದ ಹೆಸರು ಹೇಳಿ ಲಂಡನ್ನಿನ ತಿಂಡಿ ಕೇಳಿದಂತೆ. ಮಂಚೂರಿಯ ಚೀನಾದ ಈಶಾನ್ಯದ ಕೊನೆಯಲ್ಲಿದೆ, ಕ್ಯಾಂಟನ್ ದಕ್ಷಿಣದ ಕೊನೆಯಲ್ಲಿ. ಗೋಬಿ ಮಂಚೂರಿ ಎರಡು ಕಡೆಯೂ ಇಲ್ಲ.

ಆದರೆ ಅಲ್ಲಿ ನಮಗೆ ಪರಿಚಿತವಾದದ್ದು ಬೇರೆಯೇ ಇದೆ. ಒಂದು, ಚಹಾ. ಅವರೂ ಅದನ್ನು "ಚಾ" ಎಂದೇ ಕರೆಯುತ್ತಾರೆ. ನಮ್ಮ ಮನೆಮಾತಿನ "ಚಾ" ಅಲ್ಲಿಂದಲೇ ಬಂದದ್ದು. ಚೀನಾದಲ್ಲಿಯೇ ಫುಜಿಯನ್ ಕರಾವಳಿಯವರು ಅದನ್ನು "ತೇ" ಎನ್ನುತ್ತಿದ್ದುದರಿಂದ, ಆ ಬಂದರುಗಳಿಂದ ಡಚ್ಚರ ಹಡಗೇರಿದ ಸೊಪ್ಪು ಯೂರೋಪಿನಲ್ಲಿ "ಟೀ" ಆಯಿತು. ಚೀನಾದ ಎರಡು ಉಪಭಾಷೆಗಳ ಎರಡು ಪದಗಳನ್ನೂ ನಾವು ಕನ್ನಡಿಗರು ದಿನಕ್ಕೆರಡು ಬಾರಿ ಉಚ್ಚರಿಸುತ್ತೇವೆ. ಮತ್ತೊಂದು, ಗಂಜಿ. ಕ್ಯಾಂಟನಿನವರು ಬೆಳಗ್ಗೆ ಉಣ್ಣುವ "ಜುಕ್" ಎಂಬ ಅನ್ನದ ಅಂಬಲಿಗೆ ಇಂಗ್ಲಿಷ್ ಮೆನುಗಳಲ್ಲಿ "ಕಾಂಜೀ" ಎಂದು ಹೆಸರು. ಇದು ಚೀನೀ ಪದವೇ ಅಲ್ಲ. ದ್ರಾವಿಡ ಭಾಷೆಗಳ ಕಂಜಿ, ನಮ್ಮ ಗಂಜಿ, ಯೂರೋಪಿಯನ್ನರ ಬಾಯಿಗೆ ಬಿದ್ದು ಪೂರ್ವಕ್ಕೆ ಪಯಣಿಸಿದ್ದು. ಕಾಸರಗೋಡಿನ ಮನೆಗಳಲ್ಲಿ ಕುಚ್ಚಲಕ್ಕಿಯ ಗಂಜಿಗೆ ಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಬೆಳೆದವರು ಹತ್ತು ಸಾವಿರ ಮೈಲಿ ಹಾರಿ ಹೋಗಿ ಮೆನುವಿನಲ್ಲಿ ತಮ್ಮ ಮನೆಯ ಹೆಸರನ್ನೇ ಓದಬಹುದು. ವ್ಯತ್ಯಾಸವಿಷ್ಟೇ: ನಮ್ಮ ಗಂಜಿಯಲ್ಲಿ ಅಗುಳು ಕಾಣಬೇಕು, ಅವರದರಲ್ಲಿ ಅಗುಳು ಪೂರ್ತಿ ಕರಗಿಹೋಗಬೇಕು. "ಬಾಕ್ ಜುಕ್" ಎಂದರೆ ಬಿಳಿ ಗಂಜಿ; ಅಕ್ಕಿ, ನೀರು ಅಷ್ಟೆ. ಮಿಕ್ಕ ಹೆಸರಿನವುಗಳಲ್ಲಿ ಹಂದಿಮಾಂಸವೋ ಮೀನೋ ಇರುತ್ತದೆ.

ಕ್ಯಾಂಟನ್ ಸೀಮೆಯಲ್ಲಿ ಹೋಟೆಲಿಗೆ ಹೋಗುವುದಕ್ಕೆ ಪ್ರಶಸ್ತವಾದ ಹೊತ್ತು ಬೆಳಗಿನದು. "ಯಮ್ ಚಾ", ಅಂದರೆ ಚಹಾ ಕುಡಿಯುವುದು, ಎಂಬ ಸರಳ ಹೆಸರಿನ ಆ ಸಂಪ್ರದಾಯದಲ್ಲಿ ಚಹಾ ನೆಪ. ನಿಜವಾದ ಕಾರ್ಯ ಹರಟೆ ಮತ್ತು ತಿಂಡಿ. 1880ರಲ್ಲಿ ಪ್ರಾರಂಭವಾದ ತಾವ್ ತಾವ್ ಗುಯ್, 1889ರ ಲಿನ್ ಹ್ಯೂಂಗ್ ಮುಂತಾದ ಹಳೆಯ ಚಹಾಮನೆಗಳು ಗ್ವಾಂಗ್‌ಝೌ ನಗರದಲ್ಲಿ ಹೆಸರಾದವು. ಮುಂಜಾನೆಯೇ ಮುದುಕರು ಪತ್ರಿಕೆ ಹಿಡಿದು ಬಂದು ಕುಳಿತು ಒಂದು ಚಹಾ, ಎರಡು ತಿಂಡಿಗಳಲ್ಲಿ ಎರಡು ಗಂಟೆ ಕಳೆಯುತ್ತಾರೆ. ಅವರನ್ನು ಯಾರೂ ಎಬ್ಬಿಸುವುದಿಲ್ಲ. ಗಾಂಧಿಬಜಾರಿನಲ್ಲಿ ಬೈ-ಟು ಕಾಫಿ ಹಿಡಿದು ಲೋಕವ್ಯವಹಾರ ತೀರ್ಮಾನಿಸುವ ನಮ್ಮವರಿಗೆ ಈ ದೃಶ್ಯ ಹೊಸದೆನಿಸದು.

ಕುಳಿತ ಕೂಡಲೇ ಯಾವ ಚಹಾ ಎಂದು ಕೇಳುತ್ತಾರೆ. ತಿಂಡಿಯ ಪ್ರಶ್ನೆ ಆಮೇಲೆ. ತಲೆಗಿಷ್ಟೆಂದು ಚಹಾದ ದರ ಬಿಲ್ಲಿನಲ್ಲಿ ಸೇರುತ್ತದೆ. ಮೊದಲು ಬಂದ ಬಿಸಿ ಚಹಾವನ್ನು ಕುಡಿಯದೆ, ಅದರಲ್ಲಿ ಬಟ್ಟಲು, ಲೋಟ, ಕಡ್ಡಿಗಳನ್ನು ತೊಳೆದು ಒಂದು ಪಾತ್ರೆಗೆ ಚೆಲ್ಲುವುದು ಅಲ್ಲಿನ ರೂಢಿ. ಊಟಕ್ಕೆ ಮೊದಲು ಎಲೆಗೆ ನೀರು ಚಿಮುಕಿಸಿ ಒರೆಸುವ ನಮ್ಮ ಕಣ್ಣಿಗೆ ಇದು ಸಹಜವಾಗಿಯೇ ಕಂಡಿತು. ಕೆಟಲಿನ ಮುಚ್ಚಳವನ್ನು ಅರ್ಧ ತೆರೆದಿಟ್ಟರೆ ಮಾಣಿ ಬಂದು ಬಿಸಿನೀರು ತುಂಬುತ್ತಾನೆ. ಒಬ್ಬರು ನಮ್ಮ ಲೋಟಕ್ಕೆ ಚಹಾ ಹಾಕಿದಾಗ, ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟಬೇಕು, ಅದೇ ವಂದನೆ. ಚಿಯಾನ್‌ಲಾಂಗ್ ಚಕ್ರವರ್ತಿ ಮಾರುವೇಷದಲ್ಲಿ ಸಂಚರಿಸುವಾಗ ತನ್ನ ಸೇವಕನಿಗೆ ತಾನೇ ಚಹಾ ಬಗ್ಗಿಸಿದನಂತೆ. ಅಡ್ಡಬಿದ್ದರೆ ದೊರೆಯ ಗುಟ್ಟು ರಟ್ಟಾಗುತ್ತದೆ, ಸುಮ್ಮನಿದ್ದರೆ ಅವಿಧೇಯತೆ. ಸೇವಕ ಬೆರಳುಗಳನ್ನು ಮಡಿಸಿ ಮೇಜಿನ ಮೇಲೆ ಮಂಡಿಯೂರಿಸಿದನಂತೆ. ದಂತಕಥೆಯಾದರೂ ಸೊಗಸಾದದ್ದು.

ಇನ್ನು ತಿಂಡಿಗಳು. ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಹಬೆಯಾಡುತ್ತ ಬರುವ "ದಿಮ್ ಸಮ್" ನೋಡಿದಾಗ ನನ್ನ ಪತ್ನಿ ಹೇಳಿದ ಮಾತು: "ಇವರೂ ಕಡುಬಿನ ಜನವೇ." ಅಕ್ಕಿಯನ್ನು ಅರೆದು, ಹುದುಗಿಸಿ, ಹಬೆಯಲ್ಲಿ ಬೇಯಿಸುವ ವಿದ್ಯೆ ನಮ್ಮಿಬ್ಬರಿಗೂ ಸಮಾನ. "ಚ್ಯೂಂಗ್ ಫನ್" ಎಂಬುದು ನೀರುದೋಸೆಯ ಹಿಟ್ಟನ್ನು ಹಂಚಿನ ಬದಲು ಹಬೆಯಲ್ಲಿ ಬೇಯಿಸಿ ಸುರುಳಿ ಸುತ್ತಿದಂತೆ ಇರುತ್ತದೆ. ಅದರೊಳಗೆ ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ಕಡ್ಡಿಯನ್ನಿಟ್ಟರೆ "ಜಾ ಲ್ಯೂಂಗ್". ಮೆತ್ತಗೆ, ಗರಿಗರಿ ಎರಡೂ ಒಂದೇ ತುತ್ತಿನಲ್ಲಿ. "ಬಾಕ್ ತೊಂಗ್ ಗೋ" ಹುದುಗಿಸಿದ ಅಕ್ಕಿಹಿಟ್ಟಿನ ಸಿಹಿ ಹಲ್ಲೆ. ಕಣ್ಣು ಮುಚ್ಚಿ ತಿಂದರೆ ಸಕ್ಕರೆ ಹಾಕಿದ ತಟ್ಟೆ ಇಡ್ಲಿ. ತಾವರೆಯ ಎಲೆಯಲ್ಲಿ ಕಟ್ಟಿದ ಅಂಟಕ್ಕಿಯ ಪೊಟ್ಟಣ ಬಂದಾಗ ಕೊಟ್ಟೆ ಕಡುಬಿನ ನೆನಪಾಯಿತು. ಒಳಗೆ ಕೋಳಿಯಿದ್ದುದರಿಂದ ಪರಿಮಳವನ್ನಷ್ಟೇ ಸವಿದೆವು.

ಸಸ್ಯಾಹಾರಿಗೆ ನಿಜವಾದ ಪರೀಕ್ಷೆ ಶುರುವಾಗುವುದು ಇಲ್ಲಿಂದ. ಕಣ್ಣಿಗೆ ಕಾಣುವ ಮಾಂಸವನ್ನು ಬಿಡುವುದು ಸುಲಭ, ಕಾಣದ್ದೇ ಕಷ್ಟ. ಮೂಲಂಗಿ ತುರಿದು ಅಕ್ಕಿಹಿಟ್ಟಿನಲ್ಲಿ ಬೇಯಿಸಿ ಹೆಂಚಿನ ಮೇಲೆ ಕೆಂಪಗೆ ಮಾಡುವ "ಲೋ ಬಾಕ್ ಗೋ" ನೋಡಲು ಎಷ್ಟು ನಿರುಪದ್ರವಿ! ಅದರಲ್ಲಿ ಒಣ ಸಿಗಡಿಯೂ ಮಾಂಸದ ಚೂರುಗಳೂ ಇರುತ್ತವೆ. ಬಾಡಿಸಿದ ಸೊಪ್ಪಿನ ಮೇಲೆ ಹೊಳೆಯುವ ಕಪ್ಪು ರಸ ಸಿಂಪಿಯದು. ಲೀ ಕಮ್ ಶೆಯುಂಗ್ ಎಂಬ ಹೋಟೆಲಿನವನು 1888ರಲ್ಲಿ ಇದೇ ಪ್ರಾಂತ್ಯದ ನಾನ್‌ಶುಯ್ ಎಂಬಲ್ಲಿ ಕಂಡುಹಿಡಿದದ್ದು, ಇಂದು ಕ್ಯಾಂಟನೀಸ್ ಅಡುಗೆಮನೆಯ ಒಗ್ಗರಣೆಯೇ ಅದು. ತರಕಾರಿಯ ಸೂಪಿಗೆ ಮೂಳೆಯ ಸಾರು, ಸಿಹಿ ಹೂರಣಕ್ಕೆ ಹಂದಿಯ ಕೊಬ್ಬು. "ಮಾಂಸ ಬೇಡ" ಎಂದು ಹೇಳಿದರೆ ಸಾಲದು. "ಯುಕ್" ಎಂಬ ಅವರ ಪದಕ್ಕೆ ಮೊದಲ ಅರ್ಥ ಹಂದಿಮಾಂಸ. ಮೀನು, ಸಿಗಡಿಗಳು ಅದರೊಳಗೆ ಬರುವುದಿಲ್ಲ. ಒಂದು ಹೋಟೆಲಿನಲ್ಲಿ, ಮಾಂಸವಿಲ್ಲದ ಹುರುಳಿಕಾಯಿ ಪಲ್ಯವೆಂದು ಎರಡು ಬಾರಿ ಹೇಳಿದ ಮೇಲೂ, ಸಣ್ಣಗೆ ಕೊಚ್ಚಿದ ಮಾಂಸ ಉದುರಿಸಿ ತಂದರು. ಪ್ರಶ್ನಿಸಿದಾಗ ಬಡಿಸುವವಳು ಪ್ರಾಮಾಣಿಕವಾಗಿ, "ಇದು ರುಚಿಗೆ ಹಾಕಿದ್ದು" ಎಂದಳು. ಬೀಗರ ಮುಖ ಬಾಡಿತು. ಅವರಿಗೆ ನಮ್ಮ ಹಸಿವಿಗಿಂತ ತಮ್ಮ ಆತಿಥ್ಯದ ಚಿಂತೆ. ನಮಗೆ ಊಟಕ್ಕಿಂತ ಅವರ ಮುಖದ ಚಿಂತೆ. ಮೂರನೆಯ ದಿನದ ಹೊತ್ತಿಗೆ, ಹಸಿವಿಲ್ಲವೆಂಬ ನಮ್ಮ ಸುಳ್ಳೂ, ನಂಬಿದೆವೆಂಬ ಅವರ ಸುಳ್ಳೂ ಒಂದೇ ಮೇಜಿನ ಸುತ್ತ ಕುಳಿತಿದ್ದವು.

ಬಿಕ್ಕಟ್ಟು ಬಿಡಿಸಿದ್ದು ತೈಶಾನಿನ ಹಳ್ಳಿಯಲ್ಲಿದ್ದ, ಎಂಬತ್ತು ದಾಟಿದ, ಬೀಗಿತ್ತಿಯ ದೊಡ್ಡಮ್ಮ. ನಾವು ಅಲ್ಲಿಗೆ ಹೋದದ್ದು ಏಪ್ರಿಲ್ 4ರ ಚಿಂಗ್‌ಮಿಂಗ್ ದಿನಕ್ಕೆ. ಅದು ಅವರ ಮಹಾಲಯ. ಗುಡ್ಡದ ಮೇಲಿನ ಪೂರ್ವಿಕರ ಸಮಾಧಿಗಳನ್ನು ಗುಡಿಸಿ, ಊದುಬತ್ತಿ ಹಚ್ಚಿ, ಇಡಿಯಾಗಿ ಸುಟ್ಟ ಹಂದಿಯನ್ನು ಎಡೆಯಿಡುತ್ತಾರೆ; ಆಮೇಲೆ ಅದನ್ನು ಕುಲಬಾಂಧವರಿಗೆ ಹಂಚುತ್ತಾರೆ. ನಾವೂ ಮೂರು ಬಾರಿ ಬಾಗಿ ನಮಸ್ಕರಿಸಿದೆವು. ಸಂಜೆ ಊರ ಹೋಟೆಲಿನ ದೊಡ್ಡ ದುಂಡುಮೇಜಿನಲ್ಲಿ ಪ್ರಸಾದ ನಮ್ಮ ಮುಂದೆ ತಿರುಗಿ ಬಂದು ನಿಂತಿತು. ಪಿತೃಗಳಿಗೆ ಎಡೆಯಿಟ್ಟದ್ದನ್ನು ಬೇಡವೆನ್ನುವುದರ ಅರ್ಥವೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೊಸೆ ಮತ್ತೊಮ್ಮೆ ವಿವರಿಸತೊಡಗಿದಳು. ಅಜ್ಜಿ ನಡುವೆ ತಡೆದು ಒಂದೇ ಪ್ರಶ್ನೆ ಕೇಳಿದರು: "ಸಿಕ್ ಜಾಯ್?"

"ಜಾಯ್" ಎಂದರೆ ವ್ರತದ ಊಟ. ಅದು ಮಾಂಸದ ಅಭಾವವಲ್ಲ, ಒಂದು ನೇಮ. ಚಾಂದ್ರಮಾನದ ತಿಂಗಳಿನ ಮೊದಲನೆಯ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಪಾಡ್ಯ ಮತ್ತು ಹುಣ್ಣಿಮೆ, ಆ ಕಡೆಯ ಅನೇಕ ಹಿರಿಯರು ಜಾಯ್ ಆಚರಿಸುತ್ತಾರೆ. ಅಜ್ಜಿಯೂ ಆಚರಿಸುತ್ತಿದ್ದರು. ನಾವು ಪ್ರತಿದಿನವೂ ಜಾಯ್ ಎಂದು ತಿಳಿದಾಗ ಆಕೆಯ ಕಣ್ಣಿನಲ್ಲಿ ಕಂಡದ್ದು ಕನಿಕರವಲ್ಲ. ಮೇಜು ತಾನಾಗಿ ತಿರುಗಿತು. ಹಂದಿ ಮುಂದಕ್ಕೆ ಹೋಯಿತು. ಅಡುಗೆಯವನು ಹೊರಗೆ ಬಂದು ಅಜ್ಜಿಯೊಡನೆ ಮಾತಾಡಿ, ಬಾಣಲೆ ತೊಳೆದು, ಕಡಲೆಕಾಯಿ ಎಣ್ಣೆಯಲ್ಲಿ ಹೀರೇಕಾಯಿ, ತಾವರೆಯ ದಂಟು, ಅಣಬೆಗಳನ್ನು ಮಾಡಿ ಕಳಿಸಿದ. ಆದ್ದರಿಂದ ದಕ್ಷಿಣ ಚೀನಾಕ್ಕೆ ಹೋಗುವ ಸಸ್ಯಾಹಾರಿ ಮಿತ್ರರಿಗೆ ನನ್ನ ಸಲಹೆ: "ಙೋ ಸಿಕ್ ಜಾಯ್", ನಾನು ಜಾಯ್ ಉಣ್ಣುವವನು, ಎಂಬ ಮೂರು ಪದಗಳನ್ನು ಬಾಯಿಪಾಠ ಮಾಡಿ. ಶೆನ್‌ಝೆನ್‌ನಂತೆ ಹೊರಗಿನವರೇ ತುಂಬಿರುವ ನಗರದಲ್ಲಿ ಮ್ಯಾಂಡರಿನ್ನಿನ "ವೋ ಚಿ ಸು" ಎಂಬುದು ಹೆಚ್ಚು ಉಪಯುಕ್ತ. ಉಚ್ಚಾರಣೆಯ ಏರಿಳಿತದ ಮೇಲೆ ಭರವಸೆಯಿಲ್ಲದವರು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿಯನ್ನು ಜೇಬಿನಲ್ಲಿಡುವುದು ಮೇಲು.

ಈ ಜಾಯ್ ಊಟದ ಇತಿಹಾಸ ನಮ್ಮವರು ತಿಳಿಯಬೇಕಾದದ್ದು. ಭಾರತದಿಂದ ಹೋದ ಬೌದ್ಧ ಭಿಕ್ಷುಗಳು ಭಿಕ್ಷಾಪಾತ್ರೆಗೆ ಬಿದ್ದುದನ್ನು ಉಣ್ಣುತ್ತಿದ್ದವರು. ತಮಗಾಗಿ ಕೊಂದದ್ದಲ್ಲವಾದರೆ ಮಾಂಸವೂ ನಿಷಿದ್ಧವಾಗಿರಲಿಲ್ಲ. ಚೀನಾದ ವಿಹಾರಗಳಲ್ಲಿ ಸಸ್ಯಾಹಾರ ಕಟ್ಟುನಿಟ್ಟಾದದ್ದು ಆರನೆಯ ಶತಮಾನದ ಆದಿಯಲ್ಲಿ, ಲಿಯಾಂಗ್ ವಂಶದ ವೂ ಚಕ್ರವರ್ತಿಯ ಒತ್ತಾಯದಿಂದ. ಅದೇ ಕಾಲದಲ್ಲಿ ದಕ್ಷಿಣ ಭಾರತದಿಂದ, ಒಂದು ಪರಂಪರೆಯ ಪ್ರಕಾರ ಕಂಚಿಯಿಂದ, ಸಮುದ್ರಮಾರ್ಗವಾಗಿ ಬಂದ ಬೋಧಿಧರ್ಮ ಕಾಲಿಟ್ಟ ಸ್ಥಳವೆಂದು ಗ್ವಾಂಗ್‌ಝೌ ನಗರದ ಹುವಾಲಿನ್ ದೇವಾಲಯವನ್ನು ಇಂದಿಗೂ ತೋರಿಸುತ್ತಾರೆ. ನಿಷ್ಠರಾದವರ ಜಾಯ್ ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿಗಳೂ ಸಲ್ಲವು. ವರ್ಜಿಸಬೇಕಾದ ಐದು ಘಾಟು ಪದಾರ್ಥಗಳಲ್ಲಿ ಐದನೆಯದರ ಹೆಸರು "ಶಿಂಗ್‌ಚ್ಯು", ಅಂದರೆ ಸಂಸ್ಕೃತದ ಹಿಂಗು, ನಮ್ಮ ಇಂಗು! ಈರುಳ್ಳಿ ಬಿಟ್ಟ ನಮ್ಮ ಮಡಿ ಅಡುಗೆಮನೆಯನ್ನು ಕಾಯುತ್ತಿರುವ ಇಂಗನ್ನೇ ಅವರು ಈರುಳ್ಳಿಯ ಜೊತೆಗೆ ಹೊರಗೆ ಹಾಕಿದ್ದಾರೆ. ಜಾಯ್ ಖಾದ್ಯಗಳಲ್ಲಿ ಶ್ರೇಷ್ಠವಾದದ್ದು "ಲೋ ಹೊನ್ ಜಾಯ್". ಲೋ ಹೊನ್ ಎಂದರೆ ಅರ್ಹತ್, ಶ್ರವಣಬೆಳಗೊಳದ ನಾಡಿನವರಿಗೆ ಅಪರಿಚಿತವಲ್ಲದ ಪದ.

ಆ ವರ್ಷದ ಏಪ್ರಿಲ್ 9ನೆಯ ತಾರೀಖು ನಮಗೆ ಯುಗಾದಿ. ಚಂದ್ರ ಒಬ್ಬನೇ ಆದ್ದರಿಂದ, ಚೀನೀ ಪಂಚಾಂಗದಲ್ಲಿ ಅದು ಮೂರನೆಯ ತಿಂಗಳ ಮೊದಲ ದಿನ, ಜಾಯ್ ದಿನ. ಗ್ವಾಂಗ್‌ಝೌ ನಗರದ ಸಸ್ಯಾಹಾರಿ ಹೋಟೆಲೊಂದರಲ್ಲಿ, ನಮ್ಮೊಡನೆ ಬಂದಿದ್ದ ಅಜ್ಜಿಯೂ ಸೇರಿ ಒಂಬತ್ತು ಜನ ಕುಳಿತೆವು. ಇಡೀ ಪ್ರವಾಸದಲ್ಲಿ ಎಲ್ಲರೂ ಎಲ್ಲವನ್ನೂ ಉಂಡ ಊಟ ಅದೊಂದೇ. ಬೇವು ಸಿಗಲಿಲ್ಲ. ಹಾಗಲಕಾಯಿಯ ಹೋಳನ್ನು ಅಲ್ಲಿನ ಬೆಲ್ಲದಂತಹ ಕಂದು ಸಕ್ಕರೆಯ ಬಿಲ್ಲೆಯ ಜೊತೆಗಿಟ್ಟು ಹಂಚಿದೆವು. ಸೋಯಾ ಮತ್ತು ಗೋಧಿಯ ಅಂಟಿನಿಂದ ಬಾತುಕೋಳಿಯನ್ನೂ ಮೀನನ್ನೂ ಹೋಲುವಂತೆ ಮಾಡಿದ ಖಾದ್ಯಗಳು ಮಾತ್ರ ನನಗೆ ಇಂದಿಗೂ ಒಗ್ಗಿಲ್ಲ. ಬಿಟ್ಟದ್ದರ ಆಕಾರವನ್ನು ತಟ್ಟೆಯಲ್ಲಿ ಕಾಣುವ ಆಸೆಯೇಕೋ ತಿಳಿಯದು. ಅಜ್ಜಿಗೆ ಅದೇ ಇಷ್ಟ.

ಮಾಂಸಾಹಾರಿಗಳಾದ ಕನ್ನಡಿಗರಿಗೆ ಈ ಸೀಮೆ ಸ್ವರ್ಗವೆಂದು ಒಪ್ಪಲೇಬೇಕು. ನಮ್ಮೊಡನೆ ಬಂದಿದ್ದ ಮಂಗಳೂರು ಕಡೆಯ ಮಿತ್ರರು, ತೊಟ್ಟಿಯಲ್ಲಿ ಈಜುತ್ತಿದ್ದ ಮೀನನ್ನು ಕಣ್ಣೆದುರು ತೂಗಿಸಿ, ಶುಂಠಿ ಮತ್ತು ಈರುಳ್ಳಿ ಹೂವಿನೊಡನೆ ಹಬೆಯಲ್ಲಿ ಬೇಯಿಸಿದ್ದನ್ನು ಉಂಡು, ಮಸಾಲೆಯಿಲ್ಲದೆಯೂ ಮೀನಿಗೆ ಇಷ್ಟು ರುಚಿಯಿದೆಯೇ ಎಂದು ಬೆರಗಾದರು. ಬೆಲೆಯನ್ನು "ಜಿನ್" ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಜಿನ್ನಿಗೆ 500 ಗ್ರಾಂ. ಕೋಳಿಯಿಲ್ಲದ ಔತಣ ಔತಣವಲ್ಲವೆಂಬುದು ಅಲ್ಲಿನ ಗಾದೆ. ತೈಶಾನಿನಲ್ಲಿ ಹಾವುಮೀನಿನ ಅನ್ನ ಹೆಸರುವಾಸಿ. ಗೋಮಾಂಸ ವರ್ಜಿಸುವವರು "ಙಾವ್" ಎಂಬ ಶಬ್ದವನ್ನು ನೆನಪಿಡಬೇಕು. ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಅದು ಸತ್ತವರ ಮುಂದಿನ ಊದುಬತ್ತಿಯಂತೆ ಕಾಣುತ್ತದೆ. ಹಣ ತೆರುವುದು ಬಹುತೇಕ ಫೋನಿನಲ್ಲಿಯೇ, ಟಿಪ್ಸ್ ಕೊಡುವ ಪದ್ಧತಿಯಿಲ್ಲ. ಬಿಲ್ಲಿಗಾಗಿ ನೆಂಟರ ನಡುವೆ ನಡೆಯುವ ಕಿತ್ತಾಟವನ್ನು ನೋಡಿ ಗಾಬರಿಪಡಬಾರದು. ನಾವು ಅದನ್ನು ದರ್ಶಿನಿಯ ಕೌಂಟರಿನ ಮುಂದೆಯೇ ಕಲಿತವರು.

ಸಿಹಿಯ ವಿಷಯದಲ್ಲಿ ಮಾತ್ರ ಪಕ್ಷಭೇದವಿಲ್ಲ. ಯುನೆಸ್ಕೊ 2014ರಲ್ಲಿ ಪಾಕಶಾಸ್ತ್ರದ ನಗರವೆಂದು ಗುರುತಿಸಿದ ಶುಂಡೆ ಪಟ್ಟಣದ ಎಮ್ಮೆಹಾಲಿನ ತಿನಿಸುಗಳು ಪ್ರಸಿದ್ಧ. ಅವುಗಳಲ್ಲಿ ಕೆಲವಕ್ಕೆ ಮೊಟ್ಟೆಯ ಬಿಳಿ ಸೇರುತ್ತದೆ. ಆದರೆ ಗ್ವಾಂಗ್‌ಝೌ ಬಳಿಯ ಶಾವಾನ್ ಎಂಬ ಹಳೆಯ ಊರಿನ ಶುಂಠಿ ಹಾಲಿಗೆ ಬೇಕಾದದ್ದು ಹಾಲು, ಸಕ್ಕರೆ, ಶುಂಠಿಯ ರಸ ಮಾತ್ರ. ಬಟ್ಟಲಿನಲ್ಲಿ ಶುಂಠಿಯ ರಸವಿಟ್ಟು, ಹದವಾಗಿ ಬಿಸಿ ಮಾಡಿದ ಹಾಲನ್ನು ಮೇಲಿನಿಂದ ಒಮ್ಮೆಲೇ ಸುರಿಯುತ್ತಾರೆ. ಶುಂಠಿಯಲ್ಲಿರುವ ಒಂದು ಕಿಣ್ವ ಕೆಲವೇ ನಿಮಿಷಗಳಲ್ಲಿ ಹಾಲನ್ನು ಗಟ್ಟಿಯಾಗಿಸುತ್ತದೆ. ಹಾಲು ಕುದಿಯುತ್ತಿದ್ದರೆ ಕಿಣ್ವ ಸಾಯುತ್ತದೆ, ಆರಿದ್ದರೆ ಕೆಲಸ ಮಾಡುವುದಿಲ್ಲ. ಚಮಚೆ ಮೇಲಿಟ್ಟರೆ ಮುಳುಗುವುದಿಲ್ಲ. ಒಂದು ತುತ್ತು ಬಾಯಿಗಿಟ್ಟ ನನ್ನ ಪತ್ನಿ, "ಗಿಣ್ಣು!" ಎಂದಳು. ನಲವತ್ತು ವರ್ಷಗಳಿಂದ ವರ್ಜೀನಿಯದಲ್ಲಿ ಎಲ್ಲಿಯೂ ದೊರೆಯದ ಆ ರುಚಿ, ಕರು ಹಾಕಿದ ಹಸುವಿಲ್ಲದೆ, ಶುಂಠಿಯ ಘಾಟಿನೊಡನೆ ಅಲ್ಲಿ ದೊರೆಯಿತು. ಬೀಗಿತ್ತಿಯವರು ಗಿಣ್ಣು ಎಂಬ ಪದವನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಈಗ ನಮ್ಮ ಸರದಿ. ಬೀಗರಿಬ್ಬರೂ ನಮ್ಮೊಡನೆ ತುಮಕೂರಿನ ಮನೆಗೆ ಬರಲಿದ್ದಾರೆ. ಮೊಸರನ್ನವನ್ನು ಅವರು ಹೇಗೆ ಸ್ವೀಕರಿಸುವರೋ ಕಾದು ನೋಡಬೇಕು. ಹಾಲಿಲ್ಲದ ಚಹಾ ಮಾಡುವುದನ್ನು ನಮ್ಮ ಅತ್ತಿಗೆಯವರಿಗೆ ಫೋನಿನಲ್ಲಿ ಹೇಳಿಕೊಟ್ಟಾಗಿದೆ. ಮೊನ್ನೆ ಬೀಗಿತ್ತಿಯವರು ರೆಸ್ಟನ್ನಿಗೆ ಬಂದಿದ್ದಾಗ ಕೇಳಿದ್ದು ಒಂದೇ ಪ್ರಶ್ನೆ: ಪಂಕ್ತಿಯಲ್ಲಿ ಬಡಿಸುವವರು ಮೇಲಿಂದ ಮೇಲೆ ಬಡಿಸುತ್ತಿದ್ದರೆ, ಮನಸ್ಸು ನೋಯಿಸದಂತೆ ನಿಲ್ಲಿಸುವುದು ಹೇಗೆ? ಬೆರಳು ತಟ್ಟಿದರೆ ಇನ್ನಷ್ಟು ಬಡಿಸಿಯಾರು ಎಂದೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕು" ಎನ್ನಬೇಕೆಂದು ನನ್ನ ಪತ್ನಿ ತೋರಿಸಿಕೊಟ್ಟಳು. ಅವರು ಆರು ಬಾರಿ ಅಭ್ಯಾಸ ಮಾಡಿದರು. ಮೂರನೆಯ ಬಾರಿಗೆ ಹೇಳಿದರೂ ನಮ್ಮ ಕಡೆಯವರು ಕೇಳುವುದಿಲ್ಲವೆಂಬುದನ್ನು ಇನ್ನೂ ತಿಳಿಸಿಲ್ಲ.